ಕಡಲಿಗೆ ಬೇಲಿ, ಕಂಪನಿಗೆ ಬಾಗಿಲು

ತುಮಕೂರು ಜಿಲ್ಲೆಗೆ ಕಡಲಿಲ್ಲ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಕಾರ್ಮಿಕನಿಗೂ, ಗುಬ್ಬಿ ಕುಣಿಗಲುಗಳ ಪೇಟೆಬೀದಿಯಲ್ಲಿ ಅಂಗಡಿ ತೆರೆದು ಕುಳಿತ ಸಣ್ಣ ವರ್ತಕನಿಗೂ ಹೊನ್ನಾವರದ ಮೀನುಗಾರನ ಗೊಡವೆ ಏಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ಕೂಲಿ, ಬೋನಸ್ಸು, ಗುತ್ತಿಗೆ ದುಡಿಮೆ, ಏರುತ್ತಿರುವ ಬಾಡಿಗೆ ಇವೆಲ್ಲ ಬಾಗಿಲಲ್ಲಿ ನಿಂತಿರುವಾಗ ಪತ್ರಿಕೆಯ ಮುಖ್ಯ ಅಂಕಣವನ್ನು ಮೀನಿಗೂ ಆಮೆಗೂ ಕೊಡುವುದಾದರೆ, ಅದಕ್ಕೆ ಕಾರಣ ಹೇಳಬೇಕಾದ ಹೊಣೆ ನಮ್ಮದು.

ಹೊನ್ನಾವರ ನಮಗೆ ಪರದೇಶವೇನಲ್ಲ. ಜನರು ಇಂದಿಗೂ 206 ಎಂದು ಕರೆಯುವ ಹಳೆಯ ಹೆದ್ದಾರಿ ತುಮಕೂರಿನಲ್ಲಿ ಹುಟ್ಟಿ, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳನ್ನು ಹಾದು, ಘಟ್ಟವಿಳಿದು ಮುಗಿಯುವುದು ಹೊನ್ನಾವರದಲ್ಲಿಯೇ. ನಮ್ಮ ಸಂತೆಗಳಲ್ಲಿ ಗೋಣಿಚೀಲದ ಮೇಲೆ ರಾಶಿ ಬೀಳುವ, ಬಡವನ ಸಾರಿಗೆ ರುಚಿ ಕೊಡುವ ಒಣಮೀನು ಕರಾವಳಿಯ ಯಾವುದೋ ಮರಳದಂಡೆಯಲ್ಲಿ ಯಾವಳೋ ಹೆಣ್ಣುಮಗಳ ಕೈಯಲ್ಲಿ ಮಗುಚಿಸಿಕೊಂಡು ಒಣಗಿ ಬಂದದ್ದು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ನಮ್ಮ ತಲೆಯ ಮೇಲಿನ ತಂತಿಯಲ್ಲಿ ಹರಿಯುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ತಲೆಯೆತ್ತಿದ ಮೇಲೆ ಮೈಸೂರು ಸೀಮೆಯ ಗಿರಣಿಗಳಿಗೆ ಜೀವ ಬಂತು. ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಲೇತು, ಪಂಪುಸೆಟ್ಟು ಎಲ್ಲವೂ ಆ ನದಿಯ ಋಣದಲ್ಲಿ ತಿರುಗಿದವು. ಅಲ್ಲಿ ಮನೆಮಠ ಮುಳುಗಿದವರ ಕಥೆಯನ್ನು ನಾಡು ಅಷ್ಟಿಷ್ಟಾದರೂ ಕೇಳಿದೆ. ನದಿಯ ಮತ್ತೊಂದು ತುದಿಯಲ್ಲಿ ಏನಾಯಿತೆಂಬುದನ್ನು ಕೇಳಿದವರು ಕಡಮೆ. ಹೊನ್ನಾವರದ ಬಳಿ ಶರಾವತಿ ಕಡಲನ್ನು ಸೇರುವ ಅಳಿವೆಯಲ್ಲಿ ಉಪ್ಪುನೀರು ಋತುಮಾನಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು. ವಿದ್ಯುತ್ತಿಗಾಗಿ ವರ್ಷದ ಹನ್ನೆರಡು ತಿಂಗಳೂ ನೀರು ಬಿಡತೊಡಗಿದ ಮೇಲೆ ಅಳಿವೆಯ ಉಪ್ಪು ಇಳಿದುಹೋಯಿತು. ಉಪ್ಪಿನೊಡನೆ ಚಿಪ್ಪುಮೀನೂ ಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಶರಾವತಿಯ ಅಳಿವೆಯನ್ನು ನೆರೆಯ ಅಘನಾಶಿನಿಯೊಡನೆ ಹೋಲಿಸಿ ನೋಡಿದ್ದಾರೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಸಾವಿರಾರು ಜನ ಕೆಸರಿನಲ್ಲಿ ಕೈಯಾಡಿಸಿ ಚಿಪ್ಪು ಆರಿಸಿ ಹೊಟ್ಟೆ ಹೊರೆದರೆ, ಶರಾವತಿಯಲ್ಲಿ ಆ ಬದುಕು ಹೆಚ್ಚು ಕಡಮೆ ಅಳಿದಿತ್ತು. ಗಿರಣಿಯ ದೀಪ ಹೊತ್ತಿದಾಗ ಅಳಿವೆಯ ಒಲೆ ಆರಿತೆಂಬ ಲೆಕ್ಕವನ್ನು ಯಾವ ಸರ್ಕಾರವೂ ಬರೆದಿಡಲಿಲ್ಲ. ಆ ಮೀನುಗಾರರನ್ನು ಯಾರೂ ಒಂದು ಮಾತು ಕೇಳಲೂ ಇಲ್ಲ.

ಈಗ ಅದೇ ಹೊನ್ನಾವರ ತಾಲ್ಲೂಕಿನ ದಂಡೆಗೆ ಇನ್ನೊಂದು ಯೋಜನೆ ಬಂದಿದೆ. ಅಳಿವೆಯ ದಕ್ಷಿಣಕ್ಕೆ ಅಪ್ಸರಕೊಂಡ, ಮುಗಳಿಗಳ ಬಳಿ ಸುಮಾರು 5,959 ಹೆಕ್ಟೇರ್ ಪ್ರದೇಶವನ್ನು, ಅದರಲ್ಲಿ ಬಹುಪಾಲು ಕಡಲೇ, 2023ರಲ್ಲಿ ರಾಜ್ಯದ ಪ್ರಥಮ ಕಡಲ ವನ್ಯಜೀವಿಧಾಮವೆಂದು ಹೆಸರಿಸಲಾಯಿತು. ಕಡಲಾಮೆ, ಹವಳ, ಮೀನಿನ ಮರಿ ಇವನ್ನು ಕಾಪಾಡುವುದು ಅದರ ಉದ್ದೇಶ. ಉದ್ದೇಶದ ಬಗ್ಗೆ ನಮಗೆ ತಕರಾರಿಲ್ಲ. ಕಡಲು ಬರಿದಾದರೆ ಮೊದಲು ಉಪವಾಸ ಬೀಳುವವನು ಸಣ್ಣ ದೋಣಿಯವನೇ ಹೊರತು ಬೆಂಗಳೂರಿನ ಹೋಟೆಲಿನಲ್ಲಿ ಸಿಗಡಿ ತಿನ್ನುವವನಲ್ಲ. ಆದುದರಿಂದ ರಕ್ಷಣೆ ಬೇಕೇ ಬೇಡವೇ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಗೆರೆ ಎಳೆಯುವವನು ಯಾರು, ಗೆರೆಯೊಳಗೆ ಬದುಕುತ್ತಿದ್ದವನನ್ನು ಕೇಳಿದನೇ, ಎಲ್ಲರಿಗೂ ಒಂದೇ ಗೆರೆ ಎಳೆದನೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ತುಸು ನಿಧಾನವಾಗಿ ನೋಡುವುದು ಒಳ್ಳೆಯದು. ಕಾನೂನಿನ ಪುಸ್ತಕವೆಂದರೆ ವಕೀಲರ ಸೊತ್ತೆಂದು ದುಡಿಯುವ ಜನ ದೂರವಿಟ್ಟದ್ದರಿಂದಲೇ ಎಷ್ಟೋ ಅನ್ಯಾಯ ನಡೆದಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ, ಸಾಮಾನ್ಯವಾಗಿ ಒಂದು ನೆಲವನ್ನು ವನ್ಯಜೀವಿಧಾಮ ಮಾಡಬೇಕಾದರೆ ಸರ್ಕಾರ ಮೊದಲು ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಬಳಿಕ ಜಿಲ್ಲಾಧಿಕಾರಿ ಆ ಊರುಗಳಲ್ಲಿ ಜನರ ಭಾಷೆಯಲ್ಲಿ ಡಂಗುರ ಹೊಡೆಸಿ, ಅಲ್ಲಿ ಯಾರಿಗೆ ಯಾವ ಹಕ್ಕಿದೆ ಎಂದು ಹೇಳಿಕೊಳ್ಳಲು ಎರಡು ತಿಂಗಳ ಅವಕಾಶ ಕೊಟ್ಟು, ವಿಚಾರಣೆ ನಡೆಸಬೇಕು. ದನ ಮೇಯಿಸುವ ಹಕ್ಕು, ದಾರಿಯ ಹಕ್ಕು ಇತ್ಯಾದಿಗಳನ್ನು ಒಪ್ಪಬಹುದು, ತಳ್ಳಬಹುದು, ಪರಿಹಾರ ಕೊಟ್ಟು ಕೊಳ್ಳಬಹುದು, ಮುಂದುವರಿಯಲು ಬಿಡಲೂಬಹುದು. ಈ ವಿಚಾರಣೆಗಳು ಎಷ್ಟು ಪ್ರಾಮಾಣಿಕವಾಗಿ ನಡೆಯುತ್ತವೆಂಬುದು ಬೇರೆ ಮಾತು. ಕಾಗದದ ಮೇಲಾದರೂ ಕುರುಬನ ಮಾತಿಗೆ ಒಂದು ಜಾಗವಿದೆ.

ಕಡಲಿನ ಮಾತು ಹಾಗಲ್ಲ. ಅದೇ ಕಾನೂನಿನ 18ನೆಯ ಕಲಮು ಈ ಉದ್ದೇಶ ಪ್ರಕಟಣೆಯ ಕ್ರಮದಿಂದ ಎರಡು ಬಗೆಯ ಪ್ರದೇಶಗಳನ್ನು ಹೊರಗಿಟ್ಟಿದೆ. ಒಂದು ಕಾದಿಟ್ಟ ಅರಣ್ಯ, ಇನ್ನೊಂದು ದೇಶದ ಹತೋಟಿಗೆ ಸೇರಿದ ದಂಡೆಯ ಕಡಲು, ಅಂದರೆ ತೀರದಿಂದ 12 ನಾವಿಕ ಮೈಲಿಯವರೆಗಿನ ನೀರು. ಈ ನೀರನ್ನು ಸರ್ಕಾರ ನೇರವಾಗಿ 26ಎ ಕಲಮಿನಡಿ ಒಂದು ಪ್ರಕಟಣೆಯಿಂದಲೇ ವನ್ಯಜೀವಿಧಾಮ ಮಾಡಬಹುದು. ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಗಡಿ ಗುರುತಿಸುವಾಗ ನೌಕಾದಳದ ಮುಖ್ಯ ಕಡಲ ಮೋಜಣಿ ಅಧಿಕಾರಿಯೊಡನೆ ಸಮಾಲೋಚಿಸಬೇಕು. ಸ್ಥಳೀಯ ಮೀನುಗಾರರ ವೃತ್ತಿಯ ಹಿತವನ್ನು ಕಾಪಾಡಲು ಸಾಕಷ್ಟು ಕ್ರಮ ಕೈಗೊಳ್ಳಬೇಕು. ಈ ಕೊನೆಯ ಮಾತು ಕಾನೂನಿನಲ್ಲಿ ಇರುವುದೇ ದೊಡ್ಡ ಸಂಗತಿ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೋಜಣಿ ಅಧಿಕಾರಿಯನ್ನು ಕೇಳಬೇಕು ಎಂದಿದೆ. ಮೀನುಗಾರನನ್ನು ಕೇಳಬೇಕು ಎಂದಿಲ್ಲ. ಅವನ ಹಿತವನ್ನು ಬೇರೆಯವರು ಕಾಪಾಡುತ್ತಾರಂತೆ. ಯಾವ ಕ್ರಮ ಸಾಕು, ಯಾವುದು ಸಾಲದು ಎಂದು ತೀರ್ಮಾನಿಸುವ ಅಧಿಕಾರವೂ ಆ ಬೇರೆಯವರದೇ.

ಒಂದು ಕಾರ್ಖಾನೆಯಲ್ಲಿ ಕಾರ್ಮಿಕರ ಸಂಘವನ್ನು ಕರೆಯದೆ, ಕಾರ್ಮಿಕರ ಹಿತವನ್ನು ಸಾಕಷ್ಟು ಕಾಪಾಡಿದ್ದೇವೆ ಎಂದು ಆಡಳಿತವರ್ಗ ತಾನೇ ಬರೆದುಕೊಂಡು ಸಹಿ ಹಾಕಿದರೆ ಹಿರೇಹಳ್ಳಿಯಲ್ಲಿ ಯಾರಾದರೂ ಒಪ್ಪುತ್ತಾರೆಯೇ?

ಇದರ ಹಿಂದೆ ಒಂದು ಹಳೆಯ ಕುರುಡುತನವಿದೆ. ರೈತನ ಹಕ್ಕು ಪಹಣಿಯಲ್ಲಿ ಕಾಣುತ್ತದೆ. ಗೋಮಾಳಕ್ಕೂ ಸರ್ವೆ ನಂಬರಿದೆ. ಕಡಲಿಗೆ ಸರ್ವೆ ನಂಬರಿಲ್ಲ, ಖಾತೆಯಿಲ್ಲ, ಕಂದಾಯದ ರಸೀದಿಯಿಲ್ಲ. ಖಾರ್ವಿ, ಹರಿಕಂತ್ರ, ಮೊಗೇರ, ಗಾಬಿತ, ಅಂಬಿಗ, ದಾಲ್ದಿ ಮುಸಲ್ಮಾನ, ಕ್ರೈಸ್ತ ಹೀಗೆ ಹಲವು ಜಾತಿಮತದ ಜನ ತಲೆತಲಾಂತರದಿಂದ ಯಾವ ಬಂಡೆಯ ಬಳಿ ಯಾವ ತಿಂಗಳಲ್ಲಿ ಯಾವ ಮೀನು ಎಂಬುದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಆ ತಿಳಿವಳಿಕೆಯೇ ಅವರ ಪಹಣಿ. ಕಚೇರಿಯ ಕಣ್ಣಿಗೆ ಅದು ಬರಿಯ ನೀರು. ಯಾರದೂ ಅಲ್ಲದ್ದನ್ನು ಯಾರಿಗೆ ಕೊಟ್ಟರೇನು ಎಂಬ ಧೋರಣೆ ಅಲ್ಲಿಂದಲೇ ಹುಟ್ಟುವುದು.

ಸಾಗರ ತಾಲ್ಲೂಕಿನ ಕಾಗೋಡು ಇದೇ ಹಳೆಯ ಹೆದ್ದಾರಿಯ ಸೀಮೆಯದೇ. 1951ರಲ್ಲಿ ಅಲ್ಲಿನ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತಾಗ ಸಮಾಜವಾದಿಗಳು ಅವರ ಜತೆ ಜೈಲಿಗೆ ಹೋದರು. ಡಾಕ್ಟರ್ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಬರಲು 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಕಡಲಿಗೆ ಈ ಘೋಷಣೆಯನ್ನು ಹಾಗೆಯೇ ಹೊಂದಿಸಲಾಗದು, ಏಕೆಂದರೆ ಕಡಲನ್ನು ಗುಂಟೆ ಗುಂಟೆಯಾಗಿ ಹಂಚಲು ಬರುವುದಿಲ್ಲ, ಹಂಚಲೂ ಕೂಡದು. ಅದು ಗೋಮಾಳದಂತೆ ಎಲ್ಲರದು. ಆದರೆ ಗೋಮಾಳದ ಮಾತು ಬಂದಾಗ ಊರನ್ನು ಕೇಳುವ ರೂಢಿಯಾದರೂ ಇತ್ತಷ್ಟೆ?

ಬೇರೆ ದಂಡೆಗಳಲ್ಲಿ ಏನಾಗಿದೆ ಎಂದು ನೋಡಿದರೆ ನಮ್ಮ ಆತಂಕ ಕಲ್ಪನೆಯದಲ್ಲವೆಂದು ತಿಳಿಯುತ್ತದೆ. ಗೋವೆಯ ಆಚೆ ಮಾಳವಣದಲ್ಲಿ 1987ರಲ್ಲಿ 29 ಚದರ ಕಿಲೋಮೀಟರಿನಷ್ಟು ಕಡಲನ್ನು ರಕ್ಷಿತವೆಂದು ಸಾರಿದರು. ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಅದನ್ನು ವಿರೋಧಿಸಿದರು. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ 21 ದ್ವೀಪಗಳನ್ನು 1986ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ, ಆ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಕಿತ್ತು ಬದುಕುತ್ತಿದ್ದ ಹೆಂಗಸರು ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಅಪರಾಧಿಗಳಾದರು. ಒರಿಸ್ಸಾದ ಗಹಿರ್‌ಮಾಥಾದಲ್ಲಿ 1997ರಲ್ಲಿ 1,435 ಚದರ ಕಿಲೋಮೀಟರ್ ಕಡಲು ಆಮೆಗಳ ಪಾಲಾಯಿತು. ನವೆಂಬರಿನಿಂದ ಮೇ ತಿಂಗಳವರೆಗೆ ಅಲ್ಲಿ ಬಲೆ ಬೀಸುವುದಕ್ಕೆ ನಿರ್ಬಂಧ. ಆಮೆ ಉಳಿಯಬೇಕಾದುದು ನಿಜ. ಏಳು ತಿಂಗಳು ಹೊಟ್ಟೆಗೇನು ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಇನ್ನು ದೇಶದ ಪ್ರಥಮ ಕಡಲ ರಾಷ್ಟ್ರೀಯ ಉದ್ಯಾನ ಗುಜರಾತಿನ ಕಚ್ಛ್ ಖಾರಿಯಲ್ಲಿದೆ, 1982ರದು. ಅಲ್ಲಿ ಎಣ್ಣೆ ಕಂಪನಿಯ ಕೊಳವೆಯನ್ನು ಅದೇ ರಕ್ಷಿತ ಕಡಲಿನ ಮೂಲಕ ಹಾಯಿಸಬಹುದೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2004ರಲ್ಲಿ ಹಾಯಿಸಬಹುದೆಂದು ತೀರ್ಪಾಯಿತು. ಪಾಚಿ ಕೀಳುವ ಹೆಣ್ಣಿನ ಬುಟ್ಟಿಯಿಂದ ಹವಳಕ್ಕೆ ಧಕ್ಕೆಯಾಗುತ್ತದೆ, ಎಣ್ಣೆಯ ಕೊಳವೆಯಿಂದ ಆಗುವುದಿಲ್ಲ! ಈ ವಿಜ್ಞಾನ ನಮಗೆ ಅರ್ಥವಾಗುವುದಿಲ್ಲ.

ನಮ್ಮ ಹೊನ್ನಾವರದಲ್ಲಿಯೂ ಅದೇ ತಕ್ಕಡಿ ಕೆಲಸ ಮಾಡುತ್ತಿದೆ. ಶರಾವತಿ ಅಳಿವೆಯ ಬಾಯಲ್ಲಿ ಕಾಸರಕೋಡಿನ ಟೊಂಕ ಎಂಬ ಜಾಗವಿದೆ. ಅಲ್ಲಿಯ ಮರಳಿನಲ್ಲಿ ಮೀನು ಒಣಗಿಸುವ ಕಸುಬು ನೂರಾರು ಸಂಸಾರಗಳನ್ನು ಸಾಕಿದೆ. ಅದೇ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆ ಬಂದು ಮೊಟ್ಟೆಯಿಡುತ್ತದೆ. ಮೀನುಗಾರರೇ ಗೂಡು ಗುರುತಿಸಿ ಅರಣ್ಯ ಇಲಾಖೆಯವರಿಗೆ ತೋರಿಸಿ, ಕಾವಲು ಕಾದು, ಮರಿಗಳನ್ನು ನೀರಿಗೆ ಬಿಟ್ಟಿದ್ದಾರೆ. ಈ ಆಮೆಗೆ ಕಾನೂನಿನಲ್ಲಿ ಹುಲಿಗೆ ಸಮನಾದ ರಕ್ಷಣೆಯಿದೆ. ಅಷ್ಟಿದ್ದರೂ ಅಲ್ಲಿಯೇ ಖಾಸಗಿ ಬಂದರು ಕಟ್ಟಲು ರಾಜ್ಯ ಸರ್ಕಾರ 2010ರಲ್ಲಿ ಒಂದು ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಬಂದರಿಗೆ ಲಾರಿ ಹೋಗಬೇಕೆಂದು ಮರಳದಂಡೆಯ ಮೇಲೆಯೇ ರಸ್ತೆ ಎಳೆಯಹೊರಟಾಗ ಮೀನುಗಾರರು, ಅದರಲ್ಲೂ ಹೆಂಗಸರು, ಅಡ್ಡ ಬಂದರು; ಬಂಧನ, ಮೊಕದ್ದಮೆ ಎಲ್ಲವನ್ನೂ ಕಂಡರು. ಇದೇ ಕಾಸರಕೋಡಿನ ಇನ್ನೊಂದು ತುಂಡಿಗೆ 2020ರಲ್ಲಿ ನಿರ್ಮಲ ಕಡಲತೀರವೆಂದು ಅಂತರರಾಷ್ಟ್ರೀಯ ನೀಲಿ ಬಾವುಟವೂ ದೊರೆತಿದೆ. ಕೆಲವೇ ಮೈಲಿಗಳೊಳಗೆ ಪ್ರವಾಸಿಗೆ ನೀಲಿ ಬಾವುಟ, ಕಂಪನಿಗೆ ಬಂದರು, ಆಮೆಗೆ ವನ್ಯಜೀವಿಧಾಮ. ಎಲ್ಲರಿಗೂ ಹಂಚಿಯಾದ ಮೇಲೆ ಮೀನುಗಾರನಿಗೆ ಉಳಿದದ್ದೇನು ಎಂದು ಭೂಪಟ ಹಿಡಿದು ಹುಡುಕಬೇಕಾಗಿದೆ.

ತುಸು ಉತ್ತರಕ್ಕೆ ಹೋದರೆ ಅಂಕೋಲೆಯ ಕೇಣಿ. 1930ರಲ್ಲಿ ಬ್ರಿಟಿಷರ ಉಪ್ಪಿನ ಕಾನೂನನ್ನು ಮುರಿದ ಅಂಕೋಲೆಯ ನೆರೆಯ ದಂಡೆ ಅದು. ಅಲ್ಲಿ 4,119 ಕೋಟಿ ರೂಪಾಯಿಗಳ ಬಂದರಿನ ಹೊಣೆಯನ್ನು 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಕಂಪನಿಗೆ ವಹಿಸಲಾಯಿತು. 2025ರ ಫೆಬ್ರವರಿಯಲ್ಲಿ ಕಡಲ ತಳದ ಪರೀಕ್ಷೆ ನಡೆಸಲು ಬಂದಾಗ ಸುತ್ತಲ ಊರುಗಳಿಗೆ ನಿಷೇಧಾಜ್ಞೆ ಹಾಕಬೇಕಾಯಿತು. ಜನರ ಒಪ್ಪಿಗೆಯಿದ್ದ ಕೆಲಸಕ್ಕೆ ನಿಷೇಧಾಜ್ಞೆ ಏಕೆ ಬೇಕು? ಇದಕ್ಕೂ ಮೊದಲು ಕಾರವಾರ ಅಂಕೋಲೆಗಳ ನಡುವಿನ ದಂಡೆ ನೌಕಾನೆಲೆಗೆ ಹೋಯಿತು. 1986ರಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದ ಆ ಯೋಜನೆಗಾಗಿ ಎದ್ದುಹೋದ ಸಾವಿರಾರು ಕುಟುಂಬಗಳು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದವು. ದೇಶದ ರಕ್ಷಣೆಯ ಮಾತಿಗೆ ಎದುರಾಡಬಾರದೆಂದು ಜನ ಸಹಿಸಿದರು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳದ ದಿಬ್ಬಗಳಿವೆ. ಆ ದ್ವೀಪವನ್ನು ನೌಕಾದಳ ವರ್ಷಾನುವರ್ಷ ಗುಂಡಿನ ಗುರಿಯಾಗಿ ಬಳಸಿತು. ಹವಳದ ಬಗ್ಗೆ ಮೀನುಗಾರನಿಗೆ ಪಾಠ ಹೇಳುವವರು ಈ ಸಂಗತಿಯನ್ನೂ ಪಾಠದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ಹಾಗೆಂದು ಕಡಲನ್ನು ಬರಿದು ಮಾಡಿದ್ದರಲ್ಲಿ ಮೀನುಗಾರಿಕೆಯ ಪಾಲಿಲ್ಲವೆಂದು ನಾವು ಹೇಳುವುದಿಲ್ಲ. ಹೇಳಿದರೆ ಅದು ಸುಳ್ಳಾದೀತು. ಆದರೆ ಮೀನುಗಾರರೆಂಬುದು ಒಂದೇ ವರ್ಗವಲ್ಲ ಎಂಬುದನ್ನು ಸಮಾಜವಾದಿಗಳಾದ ನಾವಾದರೂ ಮರೆಯಬಾರದು.

ಹಿಂದೆ ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ಬಲೆಯಿತ್ತು. ದಂಡೆಯಿಂದ ಹೊರಟ ದೋಣಿ ಬಲೆಯನ್ನು ಕಡಲಿನಲ್ಲಿ ಬಿಲ್ಲಿನಂತೆ ಬಿಟ್ಟು ಬಂದರೆ, ಎರಡೂ ತುದಿಯ ಹಗ್ಗ ಹಿಡಿದು ಊರಿನ ಜನವೆಲ್ಲ ಸೇರಿ ಎಳೆಯುತ್ತಿದ್ದರು. ಬಂಗುಡೆಯ ಹಿಂಡು ದಂಡೆಗೆ ಬಂದಾಗ ಮಾತ್ರ ಅದಕ್ಕೆ ಕೆಲಸ. ಬಾರದಿದ್ದರೆ ಬಲೆ ಸುಮ್ಮನಿರುತ್ತಿತ್ತು. ಹಗ್ಗ ಹಿಡಿದವನಿಗೆ ಪಾಲು. ಬಲೆಯ ಒಡೆಯನಿಗೆ ಹೆಚ್ಚು ಪಾಲಿತ್ತು, ರಾಮರಾಜ್ಯವೇನೂ ಆಗಿರಲಿಲ್ಲ. ಆದರೂ ಊರಿಗೆ ಊರೇ ಒಂದು ಬಲೆಯ ಸುತ್ತ ಉಣ್ಣುತ್ತಿತ್ತು. 1970ರ ದಶಕದ ನಡುವೆ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದವು. ಹಿಂಡು ದಂಡೆಗೆ ಬರುವ ಮೊದಲೇ ಹೊರಗಡಲಿನಲ್ಲಿಯೇ ಸುತ್ತುವರಿದು ಬಾಚಿಕೊಂಡವು. ಆ ದೋಣಿಗಳಿಗೆ ಸಾಲ ಕೊಟ್ಟವರು ಯಾರು, ಉತ್ತೇಜನ ಕೊಟ್ಟವರು ಯಾರು? ಬ್ಯಾಂಕುಗಳು ಮತ್ತು ಸರ್ಕಾರ. ರಂಪಣಿಯವರು ಪ್ರತಿಭಟಿಸಿದರು, ಸೋತರು. ಹಗ್ಗ ಎಳೆದವರ ಮಕ್ಕಳು ಯಂತ್ರದೋಣಿಯ ಕೂಲಿಗಳಾದರು. ಮುಂದೆ ತಳ ಗುಡಿಸುವ ಟ್ರಾಲ್ ಬಲೆ ಹೆಚ್ಚಿತು. ಮರಿಮೀನನ್ನೂ ಬಿಡದೆ ಹಿಡಿದು ಪುಡಿ ಮಾಡುವ ಮೀನುಹಿಟ್ಟಿನ ಕಾರ್ಖಾನೆಗಳು ಕರಾವಳಿಯುದ್ದಕ್ಕೂ ಎದ್ದವು. ಕೊನೆಗೆ ರಾತ್ರಿಯಲ್ಲಿ ಕಣ್ಣು ಕುಕ್ಕುವ ದೀಪ ಹಚ್ಚಿ ಮೀನನ್ನು ಮರುಳುಗೊಳಿಸಿ ಹಿಡಿಯುವ ಪದ್ಧತಿ ಬಂತು. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಇದನ್ನು ನಿಷೇಧಿಸಿತು. ನಿಷೇಧ ಜಾರಿಗೆ ಬರಲಿ ಎಂದು ಬೀದಿಗಿಳಿದು ಕೂಗಿದವರು ನಾಡದೋಣಿಯ ಮೀನುಗಾರರೇ. ಅಂದರೆ ಕಡಲಿಗೆ ನಿಯಮ ಬೇಕೆಂದು ಕೇಳಿದವರು ಅವರು, ಜಾರಿ ಮಾಡದೆ ಉಳಿದವರು ಇವರು.

ಜೂನ್ ಜುಲೈ ತಿಂಗಳ 61 ದಿನ ಯಂತ್ರದೋಣಿಗಳಿಗೆ ರಜೆ ಇದೆ. ಮೀನು ಮರಿ ಹಾಕುವ ಕಾಲ. ಹಿಂದಿನವರು ಕಾನೂನಿಲ್ಲದೆಯೇ ಮಳೆಗಾಲದಲ್ಲಿ ದೋಣಿ ಎಳೆದಿಟ್ಟು, ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಹೊರಗಡಲಿಗೆ ಇಳಿಯುತ್ತಿದ್ದರು. ಸಂರಕ್ಷಣೆ ಎಂಬ ಶಬ್ದ ಅವರಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಎಂಬ ಹಳ್ಳಿಯ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ವರ್ಷಕ್ಕೊಮ್ಮೆ ಬಂದು ಗೂಡು ಕಟ್ಟುತ್ತವೆ. ಅವನ್ನು ಕಾಪಾಡಿದ್ದು ಬೇಲಿಯೂ ಅಲ್ಲ, ಬಂದೂಕಿನ ಗಾರ್ಡೂ ಅಲ್ಲ, ಊರಿನ ಜನ. ಇನ್ನೊಂದು ಕಡೆಗೆ ನೋಡಿ: ನೆರೆಯ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ಗೋಡೆ ಎದ್ದಿತು, ಕುರಿ ಹೊರಗುಳಿಯಿತು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಪ್ರಾರಂಭವಾಯಿತು. ಕಾರ್ಖಾನೆಯನ್ನು ನಾವು ವಿರೋಧಿಸುವವರಲ್ಲ. ಕಾರ್ಖಾನೆಯ ಅನ್ನ ತಿನ್ನುವವರ ಪತ್ರಿಕೆ ಇದು. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶವೂ ಒಂದು ಕಾಲಕ್ಕೆ ಯಾರದೋ ರಾಗಿಯ ಹೊಲವಾಗಿತ್ತೆಂಬುದು ಅಲ್ಲಿ ದುಡಿಯುವ ಹಿರಿಯರಿಗೆ ಗೊತ್ತು. ಯಾರನ್ನು ಕೇಳಿ ಕೊಟ್ಟರು, ಎಷ್ಟು ಕೊಟ್ಟರು, ಹೊಲ ಬಿಟ್ಟವನ ಮಗನಿಗೆ ಗೇಟಿನೊಳಗೆ ಕಾಯಂ ಕೆಲಸ ಸಿಕ್ಕಿತೇ ಎಂದು ಕೇಳುವ ಅಭ್ಯಾಸವಿದ್ದವರಿಗೆ ಹೊನ್ನಾವರದ ಪ್ರಶ್ನೆ ಹೊಸದಾಗಿ ಕಾಣಲಾರದು. ನಮ್ಮ ಕೆರೆಗಳ ಮೀನಿನ ಹಕ್ಕು ಹಣವಂತನ ಹೆಸರಿಗೆ ಹರಾಜಾಗಿ, ಕೆರೆಯ ದಂಡೆಯ ಬೆಸ್ತನು ಅವನ ಕೂಲಿಯಾಗುವುದನ್ನು ನಾವು ಕಂಡೇ ಇದ್ದೇವೆ.

ಜಗತ್ತಿನ ಮಟ್ಟದಲ್ಲಿ ಇನ್ನೂ ಒಂದು ಒತ್ತಡ ಬರುತ್ತಿದೆ. 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಸೇರಿದ ರಾಷ್ಟ್ರಗಳು 2030ರೊಳಗೆ ನೆಲ ಮತ್ತು ಕಡಲುಗಳ ನೂರಕ್ಕೆ 30 ಭಾಗವನ್ನು ರಕ್ಷಿಸುವ ಗುರಿಗೆ ಒಪ್ಪಿವೆ, ಭಾರತವೂ ಅದರಲ್ಲಿದೆ. ಗುರಿ ಮುಟ್ಟುವ ಆತುರದಲ್ಲಿ ಅಪ್ಸರಕೊಂಡದಂಥ ಗೆರೆಗಳು ಇನ್ನೂ ಹಲವು ಬರಲಿವೆ. ಆ ಒಪ್ಪಂದದಲ್ಲಿಯೇ ಸ್ಥಳೀಯ ಜನರ ಹಕ್ಕನ್ನು ಮನ್ನಿಸಬೇಕೆಂಬ ಮಾತೂ ಇದೆ. ದೆಹಲಿಯವರು ನೂರಕ್ಕೆ ಮೂವತ್ತನ್ನು ಮಾತ್ರ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆಯದಂತೆ ನೋಡಿಕೊಳ್ಳಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ಅಪ್ಸರಕೊಂಡದ ವನ್ಯಜೀವಿಧಾಮವನ್ನು ರದ್ದು ಮಾಡಿ ಎಂದು ನಾವು ಹೇಳುವುದಿಲ್ಲ. ಅದರ ಪ್ರಕಟಣೆ, ನಕ್ಷೆ, ಒಳಗೆ ಯಾವುದು ಕೂಡದು ಯಾವುದು ಕೂಡುವುದೆಂಬ ನಿಯಮ ಎಲ್ಲವೂ ಕನ್ನಡದಲ್ಲಿ ಮೀನುಗಾರರ ಸಹಕಾರ ಸಂಘಗಳ ಬಾಗಿಲಲ್ಲಿ ತೂಗಬೇಕು. ಕಾನೂನು ಕಡ್ಡಾಯ ಮಾಡದಿದ್ದರೂ ಜಿಲ್ಲಾಧಿಕಾರಿಯವರು ಕಾಸರಕೋಡು, ಅಪ್ಸರಕೊಂಡ, ಮಂಕಿಗಳ ದಂಡೆಯಲ್ಲಿ ಬಹಿರಂಗ ವಿಚಾರಣೆ ನಡೆಸುವುದಕ್ಕೆ ಅಡ್ಡಿಯೇನೂ ಇಲ್ಲ. ದೋಣಿ ಕಡಲಿನಲ್ಲಿರುವ ಹೊತ್ತು ಬಿಟ್ಟು, ಎಲ್ಲರೂ ದಂಡೆಯಲ್ಲಿರುವ ಮಳೆಗಾಲದ ರಜೆಯಲ್ಲಿ ನಡೆಸಲಿ. ನಿಯಮ ಬಲೆಯನ್ನು ನೋಡಿ ಆಗಬೇಕು: ಟ್ರಾಲಿಗೆ, ಪರ್ಸೀನಿಗೆ, ದೀಪಕ್ಕೆ ಬಾಗಿಲು ಮುಚ್ಚಲಿ, ಪಾತಿದೋಣಿಗೆ, ಗಾಳಕ್ಕೆ, ಕೈಬಲೆಗೆ, ಚಿಪ್ಪು ಆರಿಸುವವರಿಗೆ ತೆರೆದಿರಲಿ. ಧಾಮದ ಆಡಳಿತಕ್ಕೆ ಸಮಿತಿ ರಚಿಸಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಣ್ಣ ಮೀನುಗಾರರಿರಬೇಕು, ಅವರಲ್ಲಿಯೂ ಮೀನು ಒಣಗಿಸುವ, ಮಾರುವ ಹೆಂಗಸರಿರಬೇಕು. ಯಂತ್ರದೋಣಿಯ ಒಡೆಯರೇ ಮೀನುಗಾರರ ಪ್ರತಿನಿಧಿಗಳಾಗಿ ಬಂದು ಕುಳಿತುಕೊಳ್ಳುವ ಆಟ ನಡೆಯಕೂಡದು. ಯಾವುದೇ ಕಾಲಕ್ಕೆ ಕಡಲು ಮುಚ್ಚಬೇಕಾಗಿ ಬಂದರೆ ಆ ದಿನಗಳಿಗೆ ದೋಣಿಯ ಒಡೆಯನಿಗಷ್ಟೇ ಅಲ್ಲದೆ ಕೂಲಿಗೂ ಜೀವನಾಂಶ ದೊರೆಯಬೇಕು.

ಇವೆಲ್ಲಕ್ಕಿಂತ ಮೊದಲಿನದು, ಗೆರೆ ಎಲ್ಲರಿಗೂ ಒಂದೇ ಆಗಬೇಕು. ಆಮೆಯ ಗೂಡಿನ ಪಕ್ಕದಲ್ಲಿ ಬಲೆ ಹರಡಬಾರದೆನ್ನುವ ಸರ್ಕಾರ ಅದೇ ಮರಳಿನ ಮೇಲೆ ಅದಿರಿನ ಲಾರಿಗೆ ರಸ್ತೆ ಹಾಕಿಕೊಡುವುದಾದರೆ ಅದನ್ನು ರಕ್ಷಣೆ ಎಂದು ಕರೆಯಲು ನಮಗೆ ಬಾಯಿ ಬಾರದು. ಟೊಂಕದ ಬಂದರಿನ ಕರಾರನ್ನು ಪುನರ್ವಿಮರ್ಶೆ ಮಾಡದೆ ಪಕ್ಕದ ಕಡಲಿಗೆ ಬೇಲಿ ಹಾಕುವುದು ಮೀನುಗಾರರಿಗೆ ಮಾಡುವ ಅಪಮಾನ.

ಕಾನೂನಿನ ತಿದ್ದುಪಡಿ ದೆಹಲಿಯಲ್ಲಿ ಆಗಬೇಕು. ದಂಡೆಯ ಕಡಲಿಗೂ ನೆಲದಂತೆ ಹಕ್ಕುಗಳ ವಿಚಾರಣೆ ನಡೆಯಬೇಕು, 26ಎ ಕಲಮಿನಲ್ಲಿ ಮೋಜಣಿ ಅಧಿಕಾರಿಯ ಜತೆಗೆ ಮೀನುಗಾರರ ಗ್ರಾಮಸಭೆಯ ಹೆಸರೂ ಸೇರಬೇಕು ಎಂದು ಕೇಳಲು ಕರಾವಳಿಯ ಸಂಸತ್ ಸದಸ್ಯರೇ ಆಗಬೇಕೆಂದಿಲ್ಲ. ತುಮಕೂರಿನ ಸದಸ್ಯರೂ ಕೇಳಬಹುದು. ಅವರ ಮೇಜಿನ ಮೇಲೆ ಶರಾವತಿಯ ದೀಪವೇ ಉರಿಯುತ್ತಿದೆಯಷ್ಟೆ.

2020ರ ಜನವರಿಯಲ್ಲಿ ಕಾರವಾರದ ಠಾಕೂರ್ ಕಡಲತೀರದಲ್ಲಿ ಬಂದರಿನ ವಿಸ್ತರಣೆಗೆ ತಡೆಗೋಡೆ ಕಟ್ಟಲು ಕಲ್ಲು ಸುರಿಯತೊಡಗಿದಾಗ ಮೀನುಗಾರರು ಬಂದ್ ಕರೆ ಕೊಟ್ಟರು. ಪೇಟೆಯ ವರ್ತಕರು ಅಂಗಡಿ ಮುಚ್ಚಿ ಜತೆಗೆ ನಿಂತರು. ಮೀನು ಮಾರುಕಟ್ಟೆ ನಿಂತರೆ ಕಿರಾಣಿ ಅಂಗಡಿಯೂ ನಿಲ್ಲುತ್ತದೆಂಬುದು ಅವರಿಗೆ ಗೊತ್ತಿತ್ತು. ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಹೋಗಿ ಕೆಲಸಕ್ಕೆ ತಡೆ ಬಿತ್ತು. ಹಿರೇಹಳ್ಳಿಯ ಕಾರ್ಮಿಕ ಸಂಘಗಳೂ, ಗುಬ್ಬಿ ಕುಣಿಗಲುಗಳ ವರ್ತಕರ ಸಂಘಗಳೂ ಅಂಗಡಿ ಮುಚ್ಚಬೇಕೆಂದು ನಾವು ಕೇಳುವುದಿಲ್ಲ. ತಮ್ಮ ಮುಂದಿನ ಮಾಸಿಕ ಸಭೆಯಲ್ಲಿ ಮೇಲೆ ಹೇಳಿದ ಬೇಡಿಕೆಗಳನ್ನೊಳಗೊಂಡ ಒಂದು ನಿರ್ಣಯ ಮಾಡಿ, ಅದರ ಒಂದು ಪ್ರತಿಯನ್ನು ಜಿಲ್ಲೆಯ ಲೋಕಸಭಾ ಸದಸ್ಯರಿಗೂ, ಇನ್ನೊಂದನ್ನು ಕಾರವಾರದಲ್ಲಿರುವ ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೂ, ಮೂರನೆಯದನ್ನು ಕಾಸರಕೋಡಿನ ಮೀನುಗಾರರಿಗೂ ಅಂಚೆಯಲ್ಲಿ ಕಳುಹಿಸಲಿ. ನಿರ್ಣಯದ ಕರಡು ಬೇಕೆನ್ನುವ ಸಂಘಗಳಿಗೆ ಪತ್ರಿಕೆಯ ಕಚೇರಿಯಲ್ಲಿ ದೊರೆಯುವುದು.